ಕಂಬದ ತಲೆ ಅಗಲ ಮಾಡಿದರೆ ಬಕ್ಲಿಂಗ್ ನಿಲ್ಲುತ್ತದಾ?

ಪ್ರಶ್ನೆ: ನಾನು ಸ್ಟ್ರಕ್ಚರಲ್ ಡಿಸೈನ್‌ಗೆ ಬಂದು ಎರಡು ವರ್ಷ ಆಯಿತು. ದಾಬಸ್‌ಪೇಟೆ ಕಡೆ ಒಂದು ಗೋದಾಮಿನ ಪಿಇಬಿ (ಕಾರ್ಖಾನೆಯಲ್ಲೇ ತಯಾರಾಗಿ ಬರುವ ಸ್ಟೀಲ್ ಕಟ್ಟಡ) ಫ್ರೇಮ್ ಮಾಡುತ್ತಿದ್ದೇನೆ. ಸ್ಪ್ಯಾನ್ 24 ಮೀಟರ್, ಈವ್ ಎತ್ತರ 10.5 ಮೀಟರ್, ಬುಡ ಪಿನ್. ಕಂಬ ನೆಲದಿಂದ 4.5 ಮೀಟರ್‌ವರೆಗೆ 400 ಮಿಮೀ ಡೆಪ್ತ್, ನೇರ. ಅಲ್ಲಿ ಎರಡೂ ಫ್ಲೇಂಜ್ (ಐ ಸೆಕ್ಷನ್ನಿನ ಎರಡು ಅಂಚಿನ ಪಟ್ಟಿ) ಹಿಡಿಯುವ ಟೈ ಬೀಮ್ ಇದೆ. ಅಲ್ಲಿಂದ ಮೇಲಿನ 6 ಮೀಟರ್‌ನಲ್ಲಿ 400ರಿಂದ 800ಕ್ಕೆ ಟೇಪರ್, ಅಂದರೆ ಡೆಪ್ತ್ ಕ್ರಮೇಣ ಏರುತ್ತದೆ. ಫ್ಲೇಂಜ್ 200×12, ವೆಬ್ (ನಡುವಿನ ತಗಡು) 8 ಮಿಮೀ, ಸ್ಟೀಲ್ ಇ350 (ಯೀಲ್ಡ್ 350 ಎಂಪಿಎ). ಮೂಲೆಯಲ್ಲಿ ಮೊಮೆಂಟ್ 420 ಕಿಲೋನ್ಯೂಟನ್ ಮೀಟರ್. ಗರ್ಟ್ (ಗೋಡೆ ಶೀಟ್ ಹಿಡಿಯುವ ಅಡ್ಡ ಪಟ್ಟಿ) ಪ್ರತಿ 1.5 ಮೀಟರ್‌ಗೆ ಇದೆ ಎಂದು ಸಾಫ್ಟ್‌ವೇರ್‌ನಲ್ಲಿ ಹಾಕಿದೆ, ರೇಶಿಯೊ (ತಾಕತ್ತಿನಲ್ಲಿ ಎಷ್ಟು ಪಾಲು ಬಳಕೆ, 1 ದಾಟಬಾರದು) 0.56 ಬಂತು. ಚೆಕ್ ಮಾಡುವವರು ‘ಒಳ ಫ್ಲೇಂಜ್ 6 ಮೀಟರ್ ಖಾಲಿ’ ಎಂದು ಕೆಂಪಿನಲ್ಲಿ ಬರೆದು ವಾಪಸ್ ಕಳಿಸಿದರು. 6 ಮೀಟರ್ ಹಾಕಿ ಕೈಯಲ್ಲಿ ಲೆಕ್ಕ ಮಾಡಿದೆ. 800ರ ಸೆಕ್ಷನ್‌ಗೆ ಕ್ರಿಟಿಕಲ್ ಮೊಮೆಂಟ್ (ಬಕಲ್ ಆಗುವ ಮೊಮೆಂಟ್) 379. ಕೆಳಗೆ ಮೊಮೆಂಟ್ 180ಕ್ಕೆ ಇಳಿಯುವುದರಿಂದ 1.35ರಿಂದ ಗುಣಿಸಿದೆ, 512 ಆಯಿತು. 420ಕ್ಕಿಂತ ಜಾಸ್ತಿ ಇದೆ, ಸಾಕಲ್ವಾ? ಸಾಲದಿದ್ದರೆ ಮೇಲಿನ ಡೆಪ್ತ್ 1000 ಮಾಡಿಬಿಡಲೇ?

ಉತ್ತರ: ಸಾಲದು. 1000 ಮಾಡುವುದೂ ಬೇಡ. ಒಂದು ಜೊತೆ ಆ್ಯಂಗಲ್ ತುಂಡು ಹಾಕಿದರೆ ಈಗಿರುವ ಕಂಬವೇ ಸಾಕು. ಹಾಗೇಕೆ ಎನ್ನುವುದರಲ್ಲಿ ಟೇಪರ್ ಸೆಕ್ಷನ್ನಿನ ಸ್ವಭಾವವೇ ಇದೆ. ಅದಕ್ಕೆ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ಒಂದು ಮಾತು. ನೀವು ಇದನ್ನು ಕಂಬ ಎಂದು ಕರೆದರೂ ಇದು ನಿಂತಿರುವ ತೊಲೆ. ಚಾವಣಿಯಿಂದ ಇಳಿಯುವ ಭಾರ ಸುಮಾರು 120 ಕಿಲೋನ್ಯೂಟನ್ ಇರಬಹುದು. ಅದನ್ನು ಏರಿಯಾದಿಂದ ಭಾಗಿಸಿದರೆ ಮೇಲ್ತುದಿಯಲ್ಲಿ 11 ಎಂಪಿಎ ಅಷ್ಟೇ. ಬೆಂಡಿಂಗ್‌ನಿಂದ ಬರುವುದು 160ರ ಆಸುಪಾಸು. ಹಾಗಾಗಿ ಇಲ್ಲಿ ಹೆದರಬೇಕಾದ್ದು ಭಾರಕ್ಕೆ ಕಂಬ ಬಾಗುವ ಯೂಲರ್ ಬಕ್ಲಿಂಗ್‌ಗೆ ಅಲ್ಲ, ಪಕ್ಕಕ್ಕೆ ಹಾರಿ ತಿರುಚುವ ಲ್ಯಾಟರಲ್ ಟಾರ್ಷನಲ್ ಬಕ್ಲಿಂಗ್‌ಗೆ. ಎರಡನ್ನೂ ಸೇರಿಸಿ ನೋಡುವ ಇಂಟರಾಕ್ಷನ್ ಚೆಕ್ ಕೊನೆಗೆ ಹೇಗೂ ಮಾಡಲೇಬೇಕು. ಈಗ ಅದನ್ನು ಬದಿಗಿಡೋಣ.

ಮೇಜಿನ ಮೇಲೆ 30 ಸೆಂಮೀ ಪ್ಲಾಸ್ಟಿಕ್ ಸ್ಕೇಲ್ ಇದ್ದರೆ ತೆಗೆದುಕೊಳ್ಳಿ. ಎರಡು ತುದಿಯನ್ನೂ ಮುಷ್ಟಿಯಲ್ಲಿ ಹಿಡಿದು, ಅಂಚು ಮೇಲೆ ಬರುವ ಹಾಗೆ ನಿಲ್ಲಿಸಿ ಬಗ್ಗಿಸಿ. ಮೊದಲು ಬಹಳ ಗಟ್ಟಿ ಅನಿಸುತ್ತದೆ. ಇನ್ನೂ ಒಂದು ಚೂರು ಜೋರು ಮಾಡಿದರೆ ಅದುಮಿಸಿಕೊಂಡ ಅಂಚು ಫಟ್ ಎಂದು ಪಕ್ಕಕ್ಕೆ ಹಾರುತ್ತದೆ, ಸ್ಕೇಲ್ ತಿರುಚಿಕೊಳ್ಳುತ್ತದೆ. ಎಳೆತದಲ್ಲಿರುವ ಅಂಚು ಹೆಚ್ಚು ಕಡಿಮೆ ಅಲ್ಲೇ ಇರುತ್ತದೆ. ಈಗ ಪಕ್ಕದವರಿಗೆ ಆ ಅದುಮಿಸಿಕೊಂಡ ಅಂಚಿನ ನಡುವೆ ಎರಡು ಬೆರಳು ಇಡಲು ಹೇಳಿ. ಒಂದು ಬದಿಯಿಂದ ಹೆಬ್ಬೆರಳು, ಇನ್ನೊಂದು ಬದಿಯಿಂದ ತೋರುಬೆರಳು. ಹಗುರವಾಗಿ ಹಿಡಿದರೆ ಸಾಕು. ಮತ್ತೆ ಬಗ್ಗಿಸಿ. ಎಷ್ಟು ವ್ಯತ್ಯಾಸ ನೋಡಿ! ಪ್ರಾಂಟಲ್ ಮತ್ತು ಮಿಚೆಲ್ ಇಬ್ಬರೂ 1899ರಲ್ಲಿ, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಲೆಕ್ಕ ಹಾಕಿದ್ದು ಇಂಥ ತೆಳು ಪಟ್ಟಿಯನ್ನೇ.

ನಿಮ್ಮ ಫ್ರೇಮ್‌ನಲ್ಲಿ ಚಾವಣಿ ಭಾರಕ್ಕೆ ಅದುಮಿಸಿಕೊಳ್ಳುವುದು ಒಳ ಫ್ಲೇಂಜ್. ಗರ್ಟ್ ಇರುವುದು ಹೊರ ಫ್ಲೇಂಜ್ ಮೇಲೆ. ಸಾಫ್ಟ್‌ವೇರ್‌ನಲ್ಲಿ 1.5 ಎಂದು ಹಾಕಿದಾಗ ನೀವು ಎಳೆತದ ಅಂಚನ್ನು ಹಿಡಿದು ‘ಹಿಡಿದಿದ್ದೇನೆ’ ಎಂದಿರಿ. ಸಾಫ್ಟ್‌ವೇರ್‌ಗೆ ಯಾವ ಅಂಚು ಎಂದು ಗೊತ್ತಿಲ್ಲ, ಅದು ನಂಬಿತು. ಇದು ನಿಮ್ಮೊಬ್ಬರ ತಪ್ಪಲ್ಲ. ನನ್ನ ಮೇಜಿಗೆ ಬರುವ ಪಿಇಬಿ ಲೆಕ್ಕಗಳಲ್ಲಿ ಇದೇ ತಪ್ಪನ್ನು ಮತ್ತೆ ಮತ್ತೆ ನೋಡುತ್ತೇನೆ. ಟಾಪ್ ಫ್ಲೇಂಜ್‌ಗೆ ಬೇರೆ, ಬಾಟಮ್ ಫ್ಲೇಂಜ್‌ಗೆ ಬೇರೆ ಉದ್ದ ಕೊಡುವ ಎರಡು ಖಾನೆ ಇರುತ್ತವೆ. ಎರಡಕ್ಕೂ ಒಂದೇ ಸಂಖ್ಯೆ ತುಂಬಿರುತ್ತಾರೆ.

ಈಗ 512ರ ವಿಷಯ. ಅದರಲ್ಲಿ ಎರಡು ತಪ್ಪಿವೆ. ಚಿಕ್ಕದನ್ನು ಮೊದಲು ಹೇಳುತ್ತೇನೆ. ಕ್ರಿಟಿಕಲ್ ಮೊಮೆಂಟ್ ಎಂದರೆ ತಾಕತ್ತಲ್ಲ. ಅದು ಸೂಜಿಯಷ್ಟು ನೇರವಾದ, ವೆಲ್ಡಿಂಗ್‌ನ ಒಳ ಸ್ಟ್ರೆಸ್ ಒಂದೂ ಇಲ್ಲದ, ಕನಸಿನ ತೊಲೆಯ ಸಂಖ್ಯೆ. ನಿಜವಾದ ತೊಲೆಗೆ ಭಾರತದ ಸ್ಟೀಲ್ ಕೋಡ್ ಐಎಸ್ 800:2007ರ ಬಕ್ಲಿಂಗ್ ಕರ್ವ್ ಹಾಕಬೇಕು. ವೆಲ್ಡೆಡ್ ಸೆಕ್ಷನ್‌ಗೆ ಇಂಪರ್ಫೆಕ್ಷನ್ ಫ್ಯಾಕ್ಟರ್ 0.49. ನಿಮ್ಮ 512ನ್ನೇ ಒಪ್ಪಿಕೊಂಡು ಕರ್ವ್ ಹಾಕಿದರೂ ಡಿಸೈನ್ ತಾಕತ್ತು 312ಕ್ಕೆ ಬರುತ್ತದೆ. ಬೇಕಾದ್ದು 420. ಅಲ್ಲಿಗೇ ಫೇಲ್.

ದೊಡ್ಡ ತಪ್ಪು ಆ 1.35. ಇದನ್ನು ನಿಧಾನವಾಗಿ ನೋಡೋಣ. ಟೇಪರ್ ವಿಷಯದಲ್ಲಿ ನನಗೆ ಹೇಳಬೇಕಾದ್ದು ಮುಖ್ಯವಾಗಿ ಇದೊಂದೇ.

ಉದ್ದಕ್ಕೂ ಒಂದೇ ಡೆಪ್ತ್ ಇರುವ ತೊಲೆಯಲ್ಲಿ ಮೊಮೆಂಟ್ ಒಂದು ತುದಿಯಲ್ಲಿ 420, ಇನ್ನೊಂದರಲ್ಲಿ 180 ಇದ್ದರೆ, ಫ್ಲೇಂಜ್ ಒಂದು ತುದಿಯಲ್ಲಿ ಮಾತ್ರ ಜೋರಾಗಿ ಅದುಮಿಸಿಕೊಳ್ಳುತ್ತದೆ. ಉಳಿದ ಉದ್ದಕ್ಕೆ ಆರಾಮ. ಆ ಆರಾಮವಾಗಿರುವ ಭಾಗ ಕಷ್ಟದಲ್ಲಿರುವ ಭಾಗಕ್ಕೆ ಆಸರೆ ಕೊಡುತ್ತದೆ. ಈ ಆಸರೆಗೆ ಕೊಡುವ ಬೆಲೆಯೇ ನಿಮ್ಮ 1.35, ಅಂದರೆ ಗ್ರೇಡಿಯೆಂಟ್ ಫ್ಯಾಕ್ಟರ್. ಸೂತ್ರ ಸರಿಯಾಗಿಯೇ ಇದೆ. ಆದರೆ ಐಎಸ್ 800ರ ಇ ಅನುಬಂಧದಲ್ಲಿರುವುದು ಉದ್ದಕ್ಕೂ ಒಂದೇ ಸೆಕ್ಷನ್ ಇರುವ ತೊಲೆಗೆ.

ನಿಮ್ಮ ಕಂಬದಲ್ಲಿ ಏನಾಗಿದೆ? ಮೂರು ಕಡೆ ಸ್ಟ್ರೆಸ್ ತೆಗೆಯಿರಿ. ಮೇಲೆ 800 ಡೆಪ್ತ್, ಮೊಮೆಂಟ್ 420: 159 ಎಂಪಿಎ. ಮಧ್ಯೆ 600 ಡೆಪ್ತ್, ಮೊಮೆಂಟ್ 300: 166. ಕೆಳಗೆ 400 ಡೆಪ್ತ್, ಮೊಮೆಂಟ್ 180: 167. ಮೊಮೆಂಟ್ ಅರ್ಧಕ್ಕಿಂತ ಕೆಳಗೆ ಇಳಿದರೂ ಫ್ಲೇಂಜ್‌ಗೆ ಅದು ಗೊತ್ತೇ ಇಲ್ಲ! ಆರು ಮೀಟರ್ ಉದ್ದಕ್ಕೂ ಒಂದೇ ಸಮನೆ ಅದುಮಿಸಿಕೊಂಡು ನಿಂತಿದೆ. ಆರಾಮವಾಗಿರುವ ಭಾಗವೇ ಇಲ್ಲ, ಆಸರೆ ಕೊಡುವವರು ಯಾರು?

ಇದು ಆಕಸ್ಮಿಕವಲ್ಲ. ಟೇಪರ್ ಮಾಡುವುದೇ ಇದಕ್ಕೆ. ಮೊಮೆಂಟ್ ಕಡಿಮೆ ಇರುವ ಕಡೆ ಸ್ಟೀಲ್ ಕತ್ತರಿಸಿ ಎಲ್ಲ ಕಡೆ ಸ್ಟ್ರೆಸ್ ಸಮ ಮಾಡುತ್ತೇವೆ, ತೂಕ ಉಳಿಸುತ್ತೇವೆ. ಅಂದರೆ ಮೊಮೆಂಟ್ ಇಳಿಯುವ ಲಾಭವನ್ನು ನೀವು ಆಗಲೇ ಕೆಜಿ ಲೆಕ್ಕದಲ್ಲಿ ತೆಗೆದುಕೊಂಡಾಗಿದೆ. ಅದೇ ಲಾಭವನ್ನು 1.35 ಎಂದು ಮತ್ತೆ ಕೇಳಿದರೆ ಒಂದೇ ಪಹಣಿ ಇಟ್ಟು ಎರಡು ಬ್ಯಾಂಕಿನಲ್ಲಿ ಸಾಲ ಕೇಳಿದ ಹಾಗೆ.

ಹಾಗಾದರೆ ಸರಿಯಾದ ದಾರಿ ಯಾವುದು? ಅಮೆರಿಕದ ಸ್ಟೀಲ್ ಸಂಸ್ಥೆ ಎಐಎಸ್‌ಸಿ ಮತ್ತು ಲೋಹದ ಕಟ್ಟಡ ತಯಾರಕರ ಸಂಘ ಎಂಬಿಎಂಎ ಸೇರಿ 2011ರಲ್ಲಿ ತಂದ ಡಿಸೈನ್ ಗೈಡ್ 25 ಟೇಪರ್ ಫ್ರೇಮ್‌ಗಳಿಗೆಂದೇ ಇದೆ. ಅದರ ಹಾದಿ ಸರಳ. ಹಿಡಿತದಿಂದ ಹಿಡಿತದವರೆಗಿನ ತುಂಡನ್ನು ತೆಗೆದುಕೊಳ್ಳಿ. ಅದರ ನಟ್ಟ ನಡುವಿನ ಸೆಕ್ಷನ್‌ಗೆ ಕ್ರಿಟಿಕಲ್ ಸ್ಟ್ರೆಸ್ ಹಾಕಿ. ಗ್ರೇಡಿಯೆಂಟ್ ಫ್ಯಾಕ್ಟರನ್ನು ಮೊಮೆಂಟ್‌ನಿಂದ ತೆಗೆಯಬೇಡಿ, ಫ್ಲೇಂಜ್ ಸ್ಟ್ರೆಸ್‌ನಿಂದ ತೆಗೆಯಿರಿ. ಇಡೀ ತುಂಡು ಎಷ್ಟು ಪಟ್ಟು ಲೋಡ್‌ಗೆ ಬಕಲ್ ಆಗುತ್ತದೆ ಎನ್ನುವ ಒಂದೇ ಸಂಖ್ಯೆ ಸಿಗುತ್ತದೆ. ಅದನ್ನು ಇಟ್ಟುಕೊಂಡು ಪ್ರತಿ ಸೆಕ್ಷನ್ನಿನ ಸ್ಟ್ರೆಸ್ ಚೆಕ್ ಮಾಡಿ. ಯೂರೋಕೋಡ್ 3ರ ಜನರಲ್ ಮೆಥಡ್ ಕೂಡ ಇಂಥದೇ ಲೋಡ್ ಗುಣಕದಿಂದ ಶುರುವಾಗುತ್ತದೆ. ‘ಸರಾಸರಿ ಡೆಪ್ತ್ ತೆಗೆದುಕೊಳ್ಳುವುದೇ ತಪ್ಪು’ ಎಂದು ಕೆಲವರು ಗದರುತ್ತಾರೆ. ಅದು ಅರ್ಧ ಸತ್ಯ. ನಡುವಿನ ಸೆಕ್ಷನ್‌ನಿಂದ ಕ್ರಿಟಿಕಲ್ ಸ್ಟ್ರೆಸ್ ತೆಗೆಯುವುದು ಒಳ್ಳೆಯ ಅಂದಾಜೇ. ಅದನ್ನು ಯಾವುದೋ ಒಂದು ತುದಿಯ ಮೊಮೆಂಟ್ ಜೊತೆ ಮಾತ್ರ ಹೋಲಿಸುವುದು ತಪ್ಪು.

ನಿಮ್ಮ ಕಂಬಕ್ಕೆ ಹಾಕೋಣ. 600 ಡೆಪ್ತ್‌ಗೆ, 6 ಮೀಟರ್‌ಗೆ, ಕ್ರಿಟಿಕಲ್ ಮೊಮೆಂಟ್ 298. ಸ್ಟ್ರೆಸ್ ಲೆಕ್ಕದಲ್ಲಿ 165. ಗ್ರೇಡಿಯೆಂಟ್ ಫ್ಯಾಕ್ಟರ್ ಸುಮ್ನೆ 1 ಎಂದುಕೊಳ್ಳಿ. ನಿಮ್ಮ ಫ್ಲೇಂಜ್‌ನಲ್ಲಿರುವುದು 167. ಅಂದರೆ ಕನಸಿನ ತೊಲೆ ಕೂಡ ನಿಮ್ಮ ಲೋಡ್‌ನಲ್ಲೇ ಬಕಲ್ ಆಗುವ ಅಂಚಿನಲ್ಲಿದೆ. ನೀವು 512 ಎಂದದ್ದು ನಿಜವಾಗಿ 420ರ ಹತ್ತಿರ. ಅದರ ಮೇಲೆ ಐಎಸ್ ಕರ್ವ್ ಹಾಕಿದರೆ ಫ್ಲೇಂಜ್‌ಗೆ ಅನುಮತಿ ಸುಮಾರು 105 ಎಂಪಿಎ. 167ನ್ನು 105ರಿಂದ ಭಾಗಿಸಿ: 1.59. ಸಾಫ್ಟ್‌ವೇರ್ ಹಸಿರು ಬಣ್ಣದಲ್ಲಿ 0.56 ತೋರಿಸಿದ್ದು ಈ ಕಂಬಕ್ಕೇ.

ನ್ಯಾಯವಾಗಿ ಒಂದು ಮಾತು ಸೇರಿಸಬೇಕು. ಹೊರ ಫ್ಲೇಂಜ್ ಹಿಡಿದಿರುವುದು ಪೂರ್ತಿ ದಂಡ ಅಲ್ಲ. ಎಳೆತದ ಫ್ಲೇಂಜ್ ಅಲ್ಲಲ್ಲಿ ಕಟ್ಟಿಹಾಕಿದ್ದರೆ ಕಂಬ ಆ ಗೆರೆಯ ಸುತ್ತಲೇ ತಿರುಚಬೇಕು. ಅದು ಬಿಡುಬೀಸಾಗಿ ತಿರುಚುವುದಕ್ಕಿಂತ ಕಷ್ಟ. 2010ರವರೆಗೆ ಜಾರಿಯಲ್ಲಿದ್ದ ಬ್ರಿಟನ್ನಿನ ಬಿಎಸ್ 5950ರ ಜಿ ಅನುಬಂಧ, ಯೂರೋಕೋಡ್‌ನ ಬಿಬಿ ಅನುಬಂಧ ಇದನ್ನು ಲೆಕ್ಕಕ್ಕೆ ಹಿಡಿಯುತ್ತವೆ, ಅದೂ ಟೇಪರ್ ಮತ್ತು ಹಾಂಚ್ (ಮೂಲೆಯಲ್ಲಿ ಡೆಪ್ತ್ ಹೆಚ್ಚಿಸುವ ತುಂಡು) ಇರುವ ತುಂಡುಗಳಿಗೆ. ಅಷ್ಟರ ಮಟ್ಟಿಗೆ ನನ್ನ 1.59 ಕಠಿಣ. ಆದರೆ 0.56ಕ್ಕೂ ಅದಕ್ಕೂ ನಡುವೆ ಇರುವ ಅಂತರವನ್ನು ಅದರಿಂದ ತುಂಬಿಸಲು ನಾನಂತೂ ಹೋಗುವುದಿಲ್ಲ.

ಈಗ 1000 ಡೆಪ್ತ್ ಯೋಚನೆ. ನಮ್ಮ ತಲೆಯಲ್ಲಿ ಡೆಪ್ತ್ ಎಂದರೆ ಬಲ ಎಂದು ಕೂತಿದೆ. ಬೆಂಡಿಂಗ್‌ಗೆ ಅದು ನಿಜ. ಬಾವಿಯಿಂದ ನೀರೆತ್ತುತ್ತಿದ್ದ ಏತದ ಮರ ಬುಡದಲ್ಲಿ ದಪ್ಪ, ತುದಿಯಲ್ಲಿ ಸಣ್ಣ. ಊರಿನ ಬಡಗಿಗೆ ಮೊಮೆಂಟ್ ಡಯಾಗ್ರಾಮ್ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೆ ಏತದ ಮರ ದುಂಡಗಿತ್ತು. ದುಂಡಗಿನದಕ್ಕೆ ಎಲ್ಲ ದಿಕ್ಕೂ ಒಂದೇ, ಪಕ್ಕಕ್ಕೆ ಹಾರಿ ತಿರುಚುವ ಭಯವಿಲ್ಲ. ನಮ್ಮ ಐ ಸೆಕ್ಷನ್ ಹಾಗಲ್ಲ. ಪಕ್ಕಕ್ಕೆ ಅದು ಬಡಪಾಯಿ.

ಡೆಪ್ತ್ 400ರಿಂದ 800ಕ್ಕೆ ಹೋದಾಗ ಏನೇನು ಬದಲಾಯಿತು ನೋಡಿ. ಪಕ್ಕದ ದಿಕ್ಕಿನ ಇನರ್ಷಿಯಾ ಎಲ್ಲ ಫ್ಲೇಂಜ್‌ನಿಂದಲೇ ಬರುತ್ತದೆ. ಅದು ಎರಡೂ ಕಡೆ 1600 ಸೆಂಟಿಮೀಟರ್ ನಾಲ್ಕನೇ ಘಾತ, ಒಂದಿಷ್ಟೂ ಹೆಚ್ಚಿಲ್ಲ. ತಿರುಚುವಿಕೆಗೆ ಎದುರಾಗುವ ಟಾರ್ಷನ್ ಸ್ಥಿರಾಂಕ ಕಾಲು ಭಾಗದಷ್ಟು ಏರಿತು. ವಾರ್ಪಿಂಗ್ (ತಿರುಚುವಾಗ ಎರಡು ಫ್ಲೇಂಜ್ ಎದುರು ದಿಕ್ಕಿಗೆ ಬಾಗುವುದಕ್ಕೆ ಒಡ್ಡುವ ತಡೆ) ಮಾತ್ರ ಡೆಪ್ತ್‌ನ ವರ್ಗದಂತೆ ಏರಿ ನಾಲ್ಕು ಪಟ್ಟಾಯಿತು. ಎಲ್ಲ ಸೇರಿಸಿದರೆ ಸೆಕ್ಷನ್ನಿನ ಬೆಂಡಿಂಗ್ ತಾಕತ್ತು 2.4 ಪಟ್ಟು, 6 ಮೀಟರ್‌ಗೆ ಕ್ರಿಟಿಕಲ್ ಮೊಮೆಂಟ್ 1.7 ಪಟ್ಟು. ಒಂದು ಓಡಿತು, ಇನ್ನೊಂದು ನಡೆಯಿತು. ಹಾಗಾಗಿ ದಪ್ಪ ತುದಿಯೇ ಬಕ್ಲಿಂಗ್ ದೃಷ್ಟಿಯಿಂದ ಹೆಚ್ಚು ಸಣಕಲು. ಲ್ಯಾಟರಲ್ ಟಾರ್ಷನಲ್ ಬಕ್ಲಿಂಗ್‌ನ ಸ್ಲೆಂಡರ್‌ನೆಸ್ (ಸಣಕಲುತನ) 800ರ ಕಡೆ 1.56, 400ರ ಕಡೆ 1.31. ನೋಡುವ ಕಣ್ಣಿಗೆ ಇದು ಉಲ್ಟಾ ಅನಿಸುತ್ತದೆ ಅಲ್ವಾ?

ಎರಡು ಸುಧಾರಣೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 800ರ ಸೆಕ್ಷನ್, 6 ಮೀಟರ್, ಉದ್ದಕ್ಕೂ ಒಂದೇ ಮೊಮೆಂಟ್ ಎಂದುಕೊಳ್ಳಿ. ಕ್ರಿಟಿಕಲ್ ಮೊಮೆಂಟ್ 379 ಇತ್ತು. ಡೆಪ್ತ್ 1000 ಮಾಡಿದರೆ 463. ಅದರ ಬದಲು ಡೆಪ್ತ್ ಹಾಗೇ ಬಿಟ್ಟು ಫ್ಲೇಂಜ್ 200ರಿಂದ 250 ಮಾಡಿದರೆ 715! ಮೊದಲನೆಯದಕ್ಕೆ 1600 ಚದರ ಮಿಮೀ ಸ್ಟೀಲ್ ಹೆಚ್ಚು ಬೇಕು, ಎರಡನೆಯದಕ್ಕೆ 1200 ಸಾಕು. ಜೊತೆಗೆ 1000 ಮಾಡಿದರೆ ಇನ್ನೊಂದು ತಲೆನೋವು. ಇ350ಗೆ ಸೆಮಿ ಕಾಂಪ್ಯಾಕ್ಟ್ (ತಗಡು ಸುಕ್ಕಾಗುವ ಮೊದಲು ಅಂಚು ಯೀಲ್ಡ್ ಮುಟ್ಟುವ ವರ್ಗ) ವೆಬ್‌ನ ಮಿತಿ ದಪ್ಪದ ಸುಮಾರು 106 ಪಟ್ಟು. 8 ಮಿಮೀ ವೆಬ್ ಒಟ್ಟು ಡೆಪ್ತ್ 875ರ ಹತ್ತಿರ ಆ ಗೆರೆ ದಾಟುತ್ತದೆ. ಈಗ 97 ಇದೆ, 1000ದಲ್ಲಿ 122 ಆಗುತ್ತದೆ. ಸೆಕ್ಷನ್ ಸ್ಲೆಂಡರ್ ಆಗಿ, ಪೂರ್ತಿ ಸೆಕ್ಷನ್‌ನ ಮಾಡ್ಯುಲಸ್ ಬಳಸುವ ಹಕ್ಕೇ ಹೋಗುತ್ತದೆ. ಟೇಪರ್‌ನಲ್ಲಿ ಇದು ಸದಾ ನೆನಪಿರಲಿ. ಅದೇ ಪ್ಲೇಟ್, ಒಂದು ತುದಿಯಲ್ಲಿ ಒಂದು ಕ್ಲಾಸ್, ಇನ್ನೊಂದು ತುದಿಯಲ್ಲಿ ಇನ್ನೊಂದು.

ಆದರೆ ಫ್ಲೇಂಜ್ ಅಗಲ ಮಾಡುವುದಕ್ಕಿಂತಲೂ ಅಗ್ಗದ ದಾರಿ ಇದೆ. ಸ್ಕೇಲಿಗೆ ಎರಡು ಬೆರಳು ಇಟ್ಟೆವಲ್ಲ, ಅದು.

ನಿಮ್ಮ ಗರ್ಟ್‌ಗಳು 9, 7.5, 6 ಮೀಟರ್‌ನಲ್ಲಿ ಬರುತ್ತವೆ. 7.5 ಮೀಟರ್‌ನ ಗರ್ಟ್ ಟೇಪರ್‌ನ ನಟ್ಟ ನಡುವೆ. ಅಲ್ಲಿ ಗರ್ಟ್‌ನಿಂದ ಒಳ ಫ್ಲೇಂಜ್‌ಗೆ ಓರೆಯಾಗಿ ಎರಡು ಕಡೆಯಿಂದ ಫ್ಲೈ ಬ್ರೇಸ್ ಕೊಡಿ. 6 ಮೀಟರ್ ಎರಡು 3 ಮೀಟರ್ ಆಗುತ್ತದೆ. ಮೇಲಿನ ತುಂಡಿನ ನಡು ಸೆಕ್ಷನ್ 700. ಅದಕ್ಕೆ ಕ್ರಿಟಿಕಲ್ ಸ್ಟ್ರೆಸ್ 563, ಕರ್ವ್ ಹಾಕಿದ ಮೇಲೆ ಅನುಮತಿ 213 ಎಂಪಿಎ. ಇರುವುದು 166. ರೇಶಿಯೊ 0.78. ಕೆಳಗಿನ ತುಂಡು ಇದಕ್ಕಿಂತ ಆರಾಮ. ಒಂದು ಜೊತೆ ಆ್ಯಂಗಲ್‌ಗೆ 1.59 ಅರ್ಧಕ್ಕಿಳಿಯಿತು.

ಬ್ರೇಸ್ ಎಷ್ಟು ಬಲಕ್ಕೆ ಬೇಕು? ಅಲ್ಲಿ ಮೊಮೆಂಟ್ 300, ಫ್ಲೇಂಜ್‌ಗಳ ನಡುವಿನ ಅಂತರ 588 ಮಿಮೀ, ಅಂದರೆ ಫ್ಲೇಂಜ್‌ನಲ್ಲಿ 510 ಕಿಲೋನ್ಯೂಟನ್. ಐಎಸ್ 800 ಕೇಳುವುದು ಅದರ ಶೇಕಡಾ 2.5, ಸುಮಾರು 13 ಕಿಲೋನ್ಯೂಟನ್. ಒಂದೇ ಕಡೆಯ ಬ್ರೇಸ್ ಹೊತ್ತರೂ 45 ಡಿಗ್ರಿಯಲ್ಲಿ 18. ಒಂದು ಮೀಟರ್ ಒಳಗಿನ 50×50×6 ಆ್ಯಂಗಲ್‌ಗೆ ಇದು ಲೆಕ್ಕಕ್ಕಿಲ್ಲ. ಆದರೆ ಬಲ ಅಲ್ಲಿಗೆ ಮುಗಿಯುವುದಿಲ್ಲ. ಬ್ರೇಸ್ ಗರ್ಟನ್ನು ಬಗ್ಗಿಸುತ್ತದೆ, ಗರ್ಟ್ ತಡೆಯುತ್ತದಾ ನೋಡಿ. ಗರ್ಟ್ ಸಾಲು ಎಲ್ಲೋ ಒಂದು ಬೇಯಲ್ಲಿ ಎಕ್ಸ್ ಬ್ರೇಸಿಂಗ್‌ಗೆ ಸೇರಿ ನೆಲಕ್ಕೆ ಇಳಿಯಬೇಕು. ಇಲ್ಲದಿದ್ದರೆ ಎಲ್ಲ ಕಂಬಗಳೂ ಕೈಕೈ ಹಿಡಿದುಕೊಂಡು ಒಂದೇ ಕಡೆಗೆ ವಾಲುತ್ತವೆ.

ಇನ್ನೊಂದು ಜಾಗ ಮರೆಯಬೇಡಿ: ಮೇಲಿನ ಮೂಲೆ. ನಾವು 6 ಮೀಟರ್ ಎಂದಾಗ ಮೂಲೆಯಲ್ಲಿ ಒಳ ಫ್ಲೇಂಜ್ ಹಿಡಿದಿದೆ ಎಂದೇ ಊಹಿಸಿದ್ದೇವೆ. ಕಂಬದ ಒಳ ಫ್ಲೇಂಜ್, ರಾಫ್ಟರ್‌ನ (ಚಾವಣಿಯ ಓರೆ ತೊಲೆ) ಕೆಳ ಫ್ಲೇಂಜ್ ಸೇರುವ ಆ ತುದಿಗೆ ಬ್ರೇಸ್ ಇಲ್ಲದಿದ್ದರೆ 6 ಎನ್ನುವುದೂ ಸುಳ್ಳು.

ಟೇಪರ್‌ನಿಂದ ಒಂದು ಉಪಕಾರವೂ ಇದೆ. ನಿಮ್ಮ ಒಳ ಫ್ಲೇಂಜ್ 15ಕ್ಕೆ 1ರಂತೆ ಓರೆ. ಮೇಲ್ತುದಿಯಲ್ಲಿ ಅದರೊಳಗಿನ 533 ಕಿಲೋನ್ಯೂಟನ್‌ಗೆ ಅಡ್ಡ ಭಾಗ 35. ಕಂಬದ ಶಿಯರ್ 40. ಅಂದರೆ ಶಿಯರ್ ಬಹುಪಾಲನ್ನು ಓರೆ ಫ್ಲೇಂಜೇ ಹೊತ್ತಿದೆ, ವೆಬ್‌ಗೆ ಉಳಿದದ್ದು 5. ಮೊಮೆಂಟ್ ಹೆಚ್ಚುವ ಕಡೆಗೇ ಡೆಪ್ತ್ ಹೆಚ್ಚಿದ್ದಕ್ಕೆ ಈ ಲಾಭ. ಉಲ್ಟಾ ಇದ್ದರೆ ಕೂಡಿಸಬೇಕಾಗಿತ್ತು. ಆದರೆ 4.5 ಮೀಟರ್‌ನಲ್ಲಿ ಓರೆ ಮುಗಿದು ಫ್ಲೇಂಜ್ ನೇರವಾಗುವ ತಿರುವಿನಲ್ಲಿ ಆ ಉಪಕಾರ ವಾಪಸ್ ಕೊಡಬೇಕು. ಅಲ್ಲಿ ಫ್ಲೇಂಜ್ ಸುಮಾರು 31 ಕಿಲೋನ್ಯೂಟನ್‌ನಿಂದ ವೆಬ್‌ನೊಳಕ್ಕೆ ನೂಕುತ್ತದೆ. ತಿರುವಿನಲ್ಲಿ ಎರಡು ಬದಿಗೂ ಸ್ಟಿಫ್ನರ್ ಹಾಕಿ. ಟೈ ಬೀಮ್ ಅಲ್ಲೇ ಬರುವುದರಿಂದ ಹೇಗೂ ಬೇಕು.

ಟೇಪರನ್ನು ಮೆಟ್ಟಿಲಿನಂತೆ ಹತ್ತು ನೇರ ತುಂಡು ಮಾಡಿ ಸಾಮಾನ್ಯ ಬೀಮ್ ಎಲಿಮೆಂಟ್‌ನಲ್ಲಿ ಬಕ್ಲಿಂಗ್ ನಡೆಸುವವರಿದ್ದಾರೆ. ಕಂಬ ತಿರುಚುವಾಗ ಓರೆ ಫ್ಲೇಂಜ್‌ಗಳು ಮಾಡುವ ಕೆಲಸ ಆ ಮೆಟ್ಟಿಲಿನಲ್ಲಿ ಕಾಣೆಯಾಗುತ್ತದೆ. ತುಂಡು ಎಷ್ಟೇ ಸಣ್ಣದು ಮಾಡಿದರೂ ಅದು ವಾಪಸ್ ಬರುವುದಿಲ್ಲ. ಕಿಟಿಪೋರ್ನ್‌ಚಾಯ್ ಮತ್ತು ಟ್ರಹೇರ್ 1972ರಲ್ಲೇ ಟೇಪರ್ ಐ ತೊಲೆಗಳ ಸ್ಥಿರತೆಯನ್ನು ಬಿಡಿಸಿ ಬರೆದರು. ನಿಮ್ಮಂಥ ಸಣ್ಣ ಓರೆಗೆ, ಎರಡೂ ಫ್ಲೇಂಜ್ ಒಂದೇ ಅಳತೆ ಇದ್ದಾಗ, ವ್ಯತ್ಯಾಸ ಚಿಕ್ಕದು. ಓರೆ ಕಡಿದಾಗಿದ್ದರೆ, ಅಥವಾ ಎರಡು ಫ್ಲೇಂಜ್ ಬೇರೆ ಬೇರೆ ಅಗಲ ಇದ್ದರೆ, ಶೆಲ್ ಮಾಡೆಲ್ ಮಾಡಿ. ಫ್ರಾನ್ಸಿನ ಸಿಟಿಐಸಿಎಂ ಸಂಸ್ಥೆಯ ಎಲ್‌ಟಿಬೀಮ್‌ಎನ್ ಉಚಿತ, ಟೇಪರ್ ತೆಗೆದುಕೊಳ್ಳುತ್ತದೆ, ಎಳೆತದ ಫ್ಲೇಂಜ್‌ನ ಹಿಡಿತವನ್ನೂ ಹೇಳಬಹುದು. ನನ್ನ ಕೈಲೆಕ್ಕವನ್ನು ಅದರಲ್ಲಿ ಒಮ್ಮೆ ತಾಳೆ ನೋಡಿ.

ರಾಫ್ಟರ್‌ಗೂ ಇದೇ ಕಣ್ಣಿಂದ ಹೋಗಿ. ಮೂಲೆಯ ಹತ್ತಿರ ಕೆಳ ಫ್ಲೇಂಜ್‌ಗೆ ಚಾವಣಿ ಭಾರದಲ್ಲೇ ಬ್ರೇಸ್ ಬೇಕು. ನಡುವಿನ ಕೆಳ ಫ್ಲೇಂಜ್ ಗಾಳಿ ಎತ್ತಿದಾಗ ಅದುಮಿಸಿಕೊಳ್ಳುತ್ತದೆ. ಬೆಂಗಳೂರಿಗೆ ಐಎಸ್ 875 ಕೊಡುವ ಮೂಲ ವೇಗ ಸೆಕೆಂಡಿಗೆ 33 ಮೀಟರ್, ಅದೇ ಡ್ರಾಯಿಂಗ್ ಮಂಗಳೂರಿಗೆ ಹೋದರೆ 39. ಒತ್ತಡ ವೇಗದ ವರ್ಗದಂತೆ, ಸುಮಾರು 40 ಪರ್ಸೆಂಟ್ ಜಾಸ್ತಿ. ಸ್ಟ್ಯಾಂಡಿಂಗ್ ಸೀಮ್ ಶೀಟ್ ಇದ್ದರೆ ಕ್ಲಿಪ್ ಜಾರುತ್ತದೆ. ಸ್ಕ್ರೂ ಹೊಡೆದ ಶೀಟಿನಂತೆ ಅದು ಪರ್ಲಿನ್‌ಗಳನ್ನು (ಚಾವಣಿ ಶೀಟ್ ಹೊರುವ ಅಡ್ಡ ಪಟ್ಟಿ) ಬಿಗಿಯಾಗಿ ಹಿಡಿಯುತ್ತದೆ ಎಂದು ನಂಬಬೇಡಿ.

ಕೊನೆಗೆ ಸೈಟ್ ವಿಷಯ. ಕೆಲವು ವರ್ಷದ ಹಿಂದೆ ತುಮಕೂರು ರಸ್ತೆಯ ಒಂದು ಶೆಡ್‌ಗೆ ಹೋಗಿದ್ದೆ. ಹೆಸರು ಬೇಡ. ಡ್ರಾಯಿಂಗ್‌ನಲ್ಲಿ ಫ್ಲೈ ಬ್ರೇಸ್ ಎಲ್ಲ ಸರಿಯಾಗಿತ್ತು. ತಲೆ ಎತ್ತಿ ನೋಡಿದರೆ ಒಂದು ಇಡೀ ಸಾಲಿನಲ್ಲಿ ಫ್ಲೇಂಜ್ ಮೇಲಿನ ಕ್ಲೀಟ್ ಇದೆ, ತೂತಿದೆ, ಆ್ಯಂಗಲ್ ಇಲ್ಲ. ಬೋಲ್ಟ್ ಇದ್ದ ಜಾಗದ ಸುತ್ತ ಉಂಗುರದಂತೆ ಬಣ್ಣವಿಲ್ಲದ ಗುರುತು. ಕೇಳಿದರೆ ಡಕ್ಟ್ ಹಾಕುವವರಿಗೆ ಅಡ್ಡ ಬಂತಂತೆ, ಬಿಚ್ಚಿದರಂತೆ. ಬಿಚ್ಚಿದ ಆ್ಯಂಗಲ್‌ಗಳು ವಾಚ್‌ಮನ್ ಕೋಣೆಯ ಹಿಂದೆ ಸೌದೆ ರಾಶಿಗೆ ಆಸರೆಯಾಗಿ ನಿಂತಿದ್ದವು. ಆ ಹುಡುಗರನ್ನು ಬೈದು ಪ್ರಯೋಜನ ಇಲ್ಲ. ಅದು ಎಷ್ಟು ಚಿಕ್ಕದಾಗಿ ಕಾಣುತ್ತದೆ ಎಂದರೆ ಶೆಡ್ ಅದರ ಮೇಲೆ ನಿಂತಿದೆ ಎಂದು ಯಾರಿಗೂ ಅನಿಸುವುದಿಲ್ಲ.

ಹಾಗಾಗಿ 7.5 ಮೀಟರ್ ಮತ್ತು ಮೂಲೆಯ ಬ್ರೇಸ್‌ಗಳಿಗೆ ಎರೆಕ್ಷನ್ ಡ್ರಾಯಿಂಗ್‌ನಲ್ಲಿ ಬೇರೆ ಮಾರ್ಕ್ ನಂಬರ್ ಕೊಡಿ. ‘ತೆಗೆಯಬಾರದು’ ಎಂದು ಅದೇ ಹಾಳೆಯಲ್ಲಿ ಕನ್ನಡದಲ್ಲೂ ಬರೆಸಿ. ಡಕ್ಟ್ ಮತ್ತು ಸ್ಪ್ರಿಂಕ್ಲರ್‌ನವರ ಲೇಔಟ್ ಈಗಲೇ ತರಿಸಿಕೊಂಡು ಆ ಎತ್ತರದಲ್ಲಿ ಏನು ಬರುತ್ತದೆ ನೋಡಿ. ಆಮೇಲೆ ಸಾಫ್ಟ್‌ವೇರ್‌ನಲ್ಲಿ ಒಳ ಫ್ಲೇಂಜ್‌ಗೆ 3, ಹೊರ ಫ್ಲೇಂಜ್‌ಗೆ 1.5 ಹಾಕಿ, ಆ್ಯಕ್ಸಿಯಲ್ ಸೇರಿಸಿ ಇನ್ನೊಮ್ಮೆ ಓಡಿಸಿ ಕಳಿಸಿ. ಗ್ರೇಡಿಯೆಂಟ್ ಫ್ಯಾಕ್ಟರ್ ಖಾನೆಯಲ್ಲಿ ಅದು ತಾನಾಗಿ ಏನಾದರೂ ತುಂಬಿದ್ದರೆ ಅಳಿಸಿ 1 ಎಂದು ಬರೆಯಿರಿ.